ಎಲ್ಲ ಏದುಸಿರೂ ದಮ್ಮಲ್ಲ



ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುವ ಅಜ್ಜ, ಅಜ್ಜಿಯರನ್ನು ನೋಡಿದ್ದೀರಾ? ‘ಅವರಿಗೆ ದಮ್ಮು’ ಎಂದು ಹೇಳಿ ಸುಮ್ಮನಾಗುತ್ತೇವೆ. ನನ್ನ ಅಜ್ಜಿಗೂ ಹಾಗೆಯೇ ಹೇಳಿ ತಿಂಗಳುಗಟ್ಟಲೆ ಕಷಾಯ ಕುಡಿಸಿದೆವು. ತೊಂದರೆ ಇದ್ದದ್ದು ಹೃದಯದಲ್ಲಿ!

ಉಸಿರಾಟ ಒಂದು ಪಾಠ, ರಕ್ತಪರಿಚಲನೆ ಇನ್ನೊಂದು ಪಾಠ ಎಂದು ಬಿಡಿಬಿಡಿಯಾಗಿ ಕಲಿಯುವುದರಿಂದಲೇ ಇಂತಹ ತಪ್ಪು ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ದೇಹದಲ್ಲಿ ಅವೆರಡೂ ಕೂಡಿಕೊಂಡೇ ಇವೆ.

ಹೃದಯ ಒಂದು ಪಂಪ್ ಎನ್ನುತ್ತೇವೆ. ನಿಜವಾಗಿ ಅದು ಎರಡು ಪಂಪ್. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿಂದ ಬಂದದ್ದನ್ನು ಎಡಭಾಗ ಮೈಗೆಲ್ಲ ತಳ್ಳುತ್ತದೆ. ಈಗ ಎಡಭಾಗ ಸೋತಿತು ಎನ್ನಿ. ಬಡಿತಕ್ಕೆ ಒಂದೇ ಮಿಲಿಲೀಟರ್ ಹಿಂದೆ ಬಿದ್ದರೂ, ನಿಮಿಷಕ್ಕೆ 70 ಬಡಿತದಂತೆ 10 ನಿಮಿಷಕ್ಕೆ ಎಷ್ಟಾಯಿತು? 700 ಮಿಲಿಲೀಟರ್. ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ಇರುವ ರಕ್ತವೇ ಸುಮಾರು ಅರ್ಧ ಲೀಟರ್. ದೇಹ ಅಷ್ಟು ದೂರ ಹೋಗಲು ಬಿಡುವುದಿಲ್ಲ, ಆದರೆ ಸ್ವಲ್ಪ ತುಂಬಿಕೊಂಡರೂ ಲೋಮನಾಳಗಳಲ್ಲಿ ಒತ್ತಡ ಏರುತ್ತದೆ. ಆಗ ರಕ್ತದ ನೀರಿನಂಶ, ಹೊಸ ಮಡಕೆಯ ಹೊರಮೈಯಲ್ಲಿ ನೀರು ಜಿನುಗುವಂತೆ, ಹೊರಬಂದು ಗಾಳಿಗೂಡುಗಳಿಗೆ ಇಳಿಯುತ್ತದೆ. ಗಾಳಿ ಇರಬೇಕಾದಲ್ಲಿ ನೀರು! ಆಮ್ಲಜನಕ ರಕ್ತಕ್ಕೆ ಸೇರುವುದು ಹೇಗೆ?

ಮಲಗಿದಾಗ ಕಾಲಿನ ಕಡೆಯ ರಕ್ತವೂ ಎದೆಗೆ ಮರಳುತ್ತದೆ. ಅದಕ್ಕೇ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಹಗುರವಾಗುತ್ತದೆ.

ಕಿವಿಯ ಹತ್ತಿರದ ನಾಲ್ಕು ಕೂದಲನ್ನು ಬೆರಳುಗಳ ನಡುವೆ ಹೊಸೆದು ನೋಡಿ. ಚರಚರ ಸದ್ದು ಕೇಳಿತೇ? ನೀರು ತುಂಬಿದ ಶ್ವಾಸಕೋಶಕ್ಕೆ ಸ್ಟೆತಾಸ್ಕೋಪ್ ಇಟ್ಟರೆ ವೈದ್ಯರಿಗೆ ಹೆಚ್ಚುಕಡಿಮೆ ಇದೇ ಸದ್ದು ಕೇಳುತ್ತದೆ.

ಇದು ಮುದುಕರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ರಕ್ತದೊತ್ತಡ, ಹೃದಯಾಘಾತ ದೊಡ್ಡವರಲ್ಲಿ ಮುಖ್ಯ ಕಾರಣ, ನಿಜ. ಆದರೆ 5ರಿಂದ 15 ವರ್ಷದ ಕೆಲವು ಮಕ್ಕಳಲ್ಲಿ, ಒಂದು ಬಗೆಯ ಬ್ಯಾಕ್ಟೀರಿಯಾದ ಗಂಟಲುನೋವಿಗೆ ಚಿಕಿತ್ಸೆ ಸಿಗದಿದ್ದರೆ, ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ವರ್ಷಗಳ ನಂತರ ಶ್ವಾಸಕೋಶದಲ್ಲಿ ಇದೇ ನೀರು. ಪೆನಿಸಿಲಿನ್ ಇದನ್ನು ತಡೆಯಬಲ್ಲದು. ಆಟ ತಪ್ಪುತ್ತದೆಂದು ಗಂಟಲುನೋವನ್ನು ಮುಚ್ಚಿಡುವವರು ನಿಮ್ಮಲ್ಲಿ ಎಷ್ಟು ಮಂದಿ, ನನಗೆ ಗೊತ್ತು!

ಅಸ್ತಮಾ ಇದ್ದರೂ ಏದುಸಿರು ಬರುತ್ತದೆ. ಯಾವುದೆಂದು ವೈದ್ಯರೇ ನಿರ್ಧರಿಸಬೇಕು. ಹೃದಯದ್ದಾದರೆ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಕೊಡುತ್ತಾರೆ, ಉಪ್ಪು ಕಡಿಮೆ ಮಾಡಲು ಹೇಳುತ್ತಾರೆ, ಏಕೆಂದರೆ ಉಪ್ಪು ನೀರನ್ನು ಹಿಡಿದಿಡುತ್ತದೆ. (ನನ್ನ ಅಜ್ಜಿ ಮಾತ್ರೆ ನುಂಗಿದರು, ಉಪ್ಪಿನಕಾಯಿ ಭರಣಿ ಬಿಡಲಿಲ್ಲ.) ಉಸಿರು ತೀರಾ ಕಟ್ಟಿ, ಗುಲಾಬಿ ಬಣ್ಣದ ನೊರೆ ಬಂದರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನೀವೂ ಜೊತೆಗೆ ಹೋಗಿ. ‘ಮಲಗಲು ಎಷ್ಟು ದಿಂಬು ಬೇಕು? ಪಾದ ಊದಿದೆಯೇ?’ ಎಂದು ವೈದ್ಯರು ಕೇಳುತ್ತಾರೆ. ಅಜ್ಜಿಯ ಪಕ್ಕದಲ್ಲೇ ಮಲಗುವ ನಿಮಗೆ ಉತ್ತರ ಗೊತ್ತಿರುತ್ತದೆ.