ಪೇಪರ್ ಲೋಟವೂ ಸುರಂಗ ರಸ್ತೆಯೂ

ನಮ್ಮ ಆಫೀಸಿನಲ್ಲಿ ಪೇಪರ್ ಲೋಟ ಬಂದ್ ಆಗಿದೆ. ಭೂಮಿ ಬಿಸಿಯಾಗ್ತಿದೆಯಂತೆ, ಎಲ್ಲರೂ ಮನೆಯಿಂದ ಲೋಟ ತರಬೇಕಂತೆ. ತಂದೆ. ವಿಜಯನಗರದಿಂದ ಬೆಳ್ಳಂದೂರಿಗೆ, ಸುಮಾರು 20 ಕಿ.ಮೀ., ಕಾರಿನಲ್ಲಿ ತಂದೆ!

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಈ ಟ್ರಾಫಿಕ್ಕಿನಲ್ಲಿ ನನ್ನ ಕಾರು ಲೀಟರಿಗೆ 12 ಕೊಟ್ಟರೆ ಹೆಚ್ಚು. ಹೋಗಿ ಬರುವಷ್ಟರಲ್ಲಿ ಏಳು ಕೆ.ಜಿ.ಗೂ ಮೇಲೆ. ಎಷ್ಟು ಲೋಟ ಉಳಿಸಿದರೆ ಇದಕ್ಕೆ ಸಮ, ನೀವೇ ಹೇಳಿ.

ಬೈಯೋದಿದ್ದರೆ ಬೈರಿ, ಮೆಟ್ರೋದಲ್ಲಿ ಹೋಗಬಾರದಾ ಅಂತ. ಹೋಗಿದ್ದೆ, ಮೂರು ದಿನ. ಕೆ.ಆರ್.ಪುರದ ತನಕ ಸುಖ. ಅಲ್ಲಿಂದ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು, ಇಳಿದ ಮೇಲೆ ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ ನಡೆದು... ನಾಲ್ಕನೇ ದಿನ ಮತ್ತೆ ಕಾರು. ನಮ್ಮ ಕಟ್ಟಡದ ಕೆಳಗೆ ಮೂರಂತಸ್ತು ಪಾರ್ಕಿಂಗ್ ಕಾದಿರುತ್ತದಲ್ಲ.

ನಾನು ಹೇಳೋದು ಇಷ್ಟೇ. ಹೊಗೆ ಕಾರಿನ ಕೊಳವೆಯಿಂದ ಹೊರಡೋದಕ್ಕೆ ಎಷ್ಟೋ ವರ್ಷ ಮೊದಲೇ ನಕ್ಷೆಯ ಮೇಲೆ ಹೊರಟಿರುತ್ತದೆ. ಯಾವ ಜಮೀನಿನಲ್ಲಿ ಆಫೀಸು, ಯಾವುದರಲ್ಲಿ ಮನೆ ಅಂತ ಗೆರೆ ಎಳೆದವತ್ತೇ. ನಮ್ಮಲ್ಲಿ ಯಾವಾಗಲೂ ಕಟ್ಟಡ ಮೊದಲು, ರೈಲು ಆಮೇಲೆ. ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು ಎಪ್ಪತ್ತರ ದಶಕದ ಕೊನೆಗೆ, ಅಲ್ಲಿಗೆ ಮೆಟ್ರೋ ಬಂದದ್ದು 2025ರ ಆಗಸ್ಟಿನಲ್ಲಿ! ದೇವನಹಳ್ಳಿ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ, ಪಕ್ಕದಲ್ಲೇ ಹಳಿ ಇದ್ದರೂ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ಮಾಡೋಕೆ 2021 ಆಯಿತು. ಹೊರವರ್ತುಲ ರಸ್ತೆಯ ಉದ್ದಕ್ಕೂ ಟೆಕ್ ಪಾರ್ಕುಗಳಿಗೆ ಅನುಮತಿ ಹಂಚಿ ಮುಗಿಸಿದ ಮೇಲೆ, ಅಲ್ಲಿನ ಮೆಟ್ರೋಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದೂ 2021ರಲ್ಲೇ.

ಬ್ರೆಜಿಲ್ಲಿನ ಕುರಿಚೀಬಾದವರು 1974ರಲ್ಲೇ ಬಸ್ಸಿಗೆ ಬೇರೆ ದಾರಿ ಮಾಡಿ, ಎತ್ತರದ ಕಟ್ಟಡ ಕಟ್ಟೋದಾದರೆ ಆ ದಾರಿಯ ಅಕ್ಕಪಕ್ಕವೇ ಕಟ್ಟಿ ಅಂದರು. ಅಷ್ಟು ದೂರ ಯಾಕೆ, ಪ್ಲೇಗಿನ ನಂತರ ಎದ್ದ ಮಲ್ಲೇಶ್ವರ, ಬಸವನಗುಡಿ ನೋಡಿ. ಮಾರ್ಕೆಟ್ಟು, ಶಾಲೆ, ದೇವಸ್ಥಾನ ಎಲ್ಲ ಕಾಲ್ನಡಿಗೆಯ ದೂರ. ಇಂಗಾಲದ ಲೆಕ್ಕ ಆಗ ಯಾರಿಗೂ ಗೊತ್ತಿರಲಿಲ್ಲ ಬಿಡಿ.

ಈಗೇನು ನಡೀತಿದೆ? 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಇನ್ನೊಂದು ಕಡೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ, 17 ಸಾವಿರ ಕೋಟಿಗೂ ಮೇಲೆ, ಟೋಲ್ ಬೇರೆ. ಯೋಜನೆಯ ಪ್ರಕಾರ ಬೈಕಿಗೆ ಒಳಗೆ ಪ್ರವೇಶವಿಲ್ಲ. ಅಂದರೆ ನನ್ನಂಥ ಕಾರಿನವನಿಗೆ ರತ್ನಗಂಬಳಿ! ದಾರಿ ಅಗಲವಾದಷ್ಟೂ ಇನ್ನೂ ದೂರದಲ್ಲಿ ಸೈಟು ಕೊಳ್ಳುತ್ತಾರೆ, ನಾಲ್ಕು ವರ್ಷಕ್ಕೆ ಅದೂ ತುಂಬುತ್ತದೆ. ಎಲೆಕ್ಟ್ರಿಕ್ ಕಾರು ಬಂದರೆ ಸರಿಹೋಗುತ್ತೆ ಅನ್ನೋ ಗೆಳೆಯರಿಗೆ, ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿಯೂ ಕರೆಂಟು ಮಾಡ್ತಾರೆ ಅಂತ ನೆನಪಿಸಬೇಕು. ಆ ಕಾರೂ ರಸ್ತೆಯಲ್ಲಿ ಅಷ್ಟೇ ಜಾಗ ತಿನ್ನುತ್ತದೆ.

2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ಕ್ಕಾಗಿ ಮಾಡಿದ್ದು. 2031ರ ಕರಡು ಬಂದ ಹಾಗೇ ವಾಪಸ್ ಹೋಯಿತು. ಹೊಸದು ಬರೆಯುವವರು ಎರಡು ಸಾಲು ಸೇರಿಸಲಿ: ರೈಲೋ ಬಸ್ಸೋ ತಲುಪದ ಕಡೆ ದೊಡ್ಡ ಆಫೀಸಿಗೆ ಅನುಮತಿ ಇಲ್ಲ, ಮೆಟ್ರೋ ಪಕ್ಕದ ಕಟ್ಟಡಕ್ಕೆ ಪಾರ್ಕಿಂಗ್ ಕಡ್ಡಾಯ ಅಲ್ಲ. ಬಿಲ್ಡರುಗಳು ಮೊದಲನೆಯದಕ್ಕೆ ಕೂಗಾಡ್ತಾರೆ, ನಮ್ಮಂಥ ಫ್ಲ್ಯಾಟಿನವರು ಎರಡನೆಯದಕ್ಕೆ.

ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆಯವರೇ, ನಿಮ್ಮ ರಿಂಗ್ ರೋಡುಗಳ ಪಕ್ಕ ಏನೇನು ಏಳ್ತಿದೆ? ಬಸ್ಸು ಬರುತ್ತಾ ಅಲ್ಲಿಗೆ? ನೋಡಿದವರು ಬರೀರಿ.