ಹಾಪ್ಸಿಗೆ ಕರಾರು, ಮೆಕ್ಕೆಜೋಳಕ್ಕೆ ಹರಾಜು

ಬಿಯರಿನ ಕಹಿ ಎಲ್ಲಿಂದ ಬರುತ್ತದೆಂದು ಕೇಳಿದರೆ ಕುಡಿಯುವವರಲ್ಲೇ ಬಹುಮಂದಿಗೆ ತಿಳಿದಿರಲಾರದು. ಅದು ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ. ಕುಡಿತದ ಪರವಾಗಿ ನಾವು ಲೇಖನಿ ಹಿಡಿದಿಲ್ಲ. ಆ ಹೂವು ಜಗತ್ತಿನಲ್ಲಿ ಮಾರಾಟವಾಗುವ ರೀತಿಯನ್ನೂ ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಮೆಕ್ಕೆಜೋಳ ಮಾರಾಟವಾಗುವ ರೀತಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂಬುದಷ್ಟೇ ನಮ್ಮ ಉದ್ದೇಶ.

ಹಾಪ್ಸಿಗೆ ಬೇಸಿಗೆಯ ದೀರ್ಘ ಹಗಲು ಬೇಕು, ಚಳಿಗಾಲವೂ ಬೇಕು. ನಮ್ಮ ಬಯಲು ಸೀಮೆಗೆ ಅದು ಒಗ್ಗದು. ಜರ್ಮನಿ ಮತ್ತು ಅಮೆರಿಕ, ಈ ಎರಡೇ ದೇಶಗಳು ಜಗತ್ತಿನ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಬೆಳೆಯುತ್ತವೆ. ಅಲ್ಲಿ ಬವೇರಿಯದ ಹಾಲರ್ಟೌ, ಇಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆ ಹೆಸರುವಾಸಿ. ನೂರು ಲೀಟರ್ ಬಿಯರಿಗೆ ಬೇಕಾಗುವುದು ಹಿಡಿಯಷ್ಟು ಹೂವು. ಆದರೆ ಆ ಹಿಡಿಯಿಲ್ಲದೆ ಕಾರ್ಖಾನೆಯ ಕೆಲಸ ಸಾಗದು.

ಆದ್ದರಿಂದಲೇ ಬಿಯರ್ ಕಂಪನಿಗಳು ಕೊಯ್ಲಿನವರೆಗೆ ಕಾಯುವುದಿಲ್ಲ. ಮುಂದಿನ ಹಲವು ವರ್ಷಗಳ ಬೆಳೆಗೆ ಮೊದಲೇ ಲಿಖಿತ ಕರಾರು ಮಾಡಿಕೊಳ್ಳುತ್ತವೆ. ತೂಕದ ಜೊತೆಗೆ ಹೂವಿನೊಳಗಿನ ಆಲ್ಫಾ ಆಮ್ಲವನ್ನು, ಅಂದರೆ ಕಹಿಯ ಸತ್ವವನ್ನು, ಪರೀಕ್ಷೆಮಾಡಿ ಲೆಕ್ಕ ಹಾಕುತ್ತಾರೆ. 2007-08ರಲ್ಲಿ ಹಾಪ್ಸಿಗೆ ಬರ ಬಂದು ಬೆಲೆ ಹಲವು ಪಟ್ಟು ಏರಿತು. ಆಗ ಕರಾರು ಇದ್ದ ದೊಡ್ಡವರು ಪಾರಾದರು, ಪೇಟೆಯಲ್ಲಿ ಕೊಳ್ಳಬೇಕಾದ ಸಣ್ಣ ತಯಾರಕರು ನರಳಿದರು. ಭರವಸೆಯ ಬೆಲೆಯೇನೆಂಬುದು ಬಂಡವಾಳಗಾರರಿಗೆ ಚೆನ್ನಾಗಿ ಗೊತ್ತು!

ಈಗ ನಮ್ಮ ಊರಿಗೆ ಬರೋಣ. 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಕೇಂದ್ರ ಸರ್ಕಾರ ಸಾರಿತು. 2025ರ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800. ಕ್ವಿಂಟಾಲಿಗೆ 600ರಿಂದ 800 ರೂಪಾಯಿ ಖೋತಾ. ರೈತರು ಬೀದಿಗಿಳಿದ ಮೇಲೆಯೇ ಸರ್ಕಾರ ಖರೀದಿಯ ಮಾತನ್ನಾಡಿತು. ಅದೇ ಜೋಳದಿಂದ ತೆಗೆದ ಎಥೆನಾಲಿಗಾದರೋ ಸರ್ಕಾರಿ ತೈಲ ಕಂಪನಿಗಳು ಲೀಟರಿಗೆ 71 ರೂಪಾಯಿ 86 ಪೈಸೆ ಎಂದು ಮೊದಲೇ ದರ ಗೊತ್ತುಮಾಡಿದ್ದವು. ಡಿಸ್ಟಿಲರಿಯ ಮಾಲೀಕನಿಗೆ ನಿಗದಿ ದರ, ಬೆಳೆದವನಿಗೆ ಹರಾಜಿನ ದರ. ಇದಾವ ನ್ಯಾಯ?

ಇದು ರೈತರ ಪಾಡು, ನಮಗೇನು ಎಂದು ಪೇಟೆಯವರು ಸುಮ್ಮನಿರುವಂತಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದವು. ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ಸಂಬಳದ ಹಣ ನಿಂತ ಊರಿನಲ್ಲಿ ಬಟ್ಟೆ ಅಂಗಡಿ, ಕಿರಾಣಿ ಅಂಗಡಿ, ಹಮಾಲರ ಕೂಲಿ, ಎಲ್ಲವೂ ಸುಗ್ಗಿಯ ಹಣವನ್ನೇ ಹೆಚ್ಚಾಗಿ ನೆಚ್ಚಿವೆ. ಹಳ್ಳಿಯವನ ಕಿಸೆ ಬರಿದಾದರೆ ಪೇಟೆಯ ಗಲ್ಲಾಪೆಟ್ಟಿಗೆಯೂ ಬರಿದು.

ಬೆಲೆ ಏರಿದ ವರ್ಷ ರೈತ ಕರಾರು ಮುರಿಯುತ್ತಾನೆಂದು ಕೆಲವರು ಹೇಳಬಹುದು. ಒಬ್ಬಂಟಿ ರೈತನ ಕರಾರು ದುರ್ಬಲವೆಂಬುದು ನಿಜ. ಕರಾರೇ ಸರ್ವರೋಗಕ್ಕೂ ಮದ್ದೆಂದು ನಾವೂ ಹೇಳುವುದಿಲ್ಲ: ದಾಸ್ತಾನು ಮಿತಿಮೀರಿ, 2023ರಿಂದೀಚೆಗೆ ಅಮೆರಿಕದ ಹಾಪ್ಸ್ ಬೆಳೆಗಾರರು ವಿಸ್ತೀರ್ಣವನ್ನೇ ತಗ್ಗಿಸಬೇಕಾಯಿತು. ನಮ್ಮ ದೇಶದಲ್ಲೇ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆದವರು ಆಮದು ಮಾಲಿನ ಪೈಪೋಟಿಗೆ ಸಿಕ್ಕಿ ತರಕಾರಿಗೆ ತಿರುಗಿದರು. ಸಂಘಬಲವೂ ಸರ್ಕಾರದ ರಕ್ಷಣೆಯೂ ಇಲ್ಲದಿದ್ದರೆ ಕರಾರು ಬರೀ ಕಾಗದ.

ನಮ್ಮ ಬೇಡಿಕೆ ಸ್ಪಷ್ಟ. ಎಥೆನಾಲ್, ಪಿಷ್ಟ, ಕೋಳಿ ಆಹಾರದ ಕಾರ್ಖಾನೆಗಳು ಬಿತ್ತನೆಗೆ ಮುಂಚೆಯೇ ರೈತರ ಸಹಕಾರ ಸಂಘಗಳೊಡನೆ ಕರಾರು ಮಾಡಿಕೊಳ್ಳಲಿ. ಅದು ಮಾರುಕಟ್ಟೆ ಸಮಿತಿಯಲ್ಲಿ ನೋಂದಣಿಯಾಗಲಿ. ಬೆಂಬಲ ಬೆಲೆ ಅದರ ಕನಿಷ್ಠ ದರವಾಗಲಿ. ಸರ್ಕಾರಿ ದರದ ಲಾಭ ಪಡೆಯುವ ಡಿಸ್ಟಿಲರಿಗಳಿಗೆ ಇದು ಕಡ್ಡಾಯವಾಗಲಿ. ತೇವಾಂಶದ ಅಳತೆ ಮಾರುವವನ ಕಣ್ಣೆದುರಿಗೇ ನಡೆಯಲಿ.

ಬಿಯರಿನ ಕಹಿಗೆ ಸಿಗುವ ಭರವಸೆ ಕೋಟಿ ಜನರ ಬೆವರಿಗೆ ಸಿಗಲಾರದೆಂದರೆ ಆ ವ್ಯವಸ್ಥೆ ಬದಲಾಗಲೇಬೇಕು. ಅದನ್ನು ಬದಲಾಯಿಸಲು ಗಿರಣಿಯವರೂ ಅಂಗಡಿಯವರೂ ರೈತರ ಪಕ್ಕದಲ್ಲಿ ನಿಲ್ಲಬೇಕು.