ಟರ್ನ್‌ಟೇಬಲ್ ಖರೀದಿ: ಅಗ್ಗವೇ ಲಾಭವಲ್ಲ

ಹಂಗಾರಕಟ್ಟೆಯಂತಹ ಕಡಲತೀರದ ಊರುಗಳಲ್ಲಿ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಉದ್ಯಮಿಗಳು ಡಿಜೆ ಸೇವೆಗಾಗಿ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಕೊಳ್ಳುವುದಾದರೆ, ಹೊರಮೆರುಗಿಗಿಂತ ಮೋಟಾರಿನ ಬಲಕ್ಕೆ ಹಣ ಹೂಡುವುದು ವಿವೇಕ.

ಬೆಲ್ಟ್ ಚಾಲಿತ ಯಂತ್ರ ಮನೆಯಲ್ಲಿ ಹಾಡು ಕೇಳಲು ಸಾಕು. ಡಿಜೆಯು ರೆಕಾರ್ಡನ್ನು ಕೈಯಿಂದ ತಡೆದು ಬಿಟ್ಟೊಡನೆ ಅದು ಪೂರ್ಣ ವೇಗ ಪಡೆಯಬೇಕು. ಅಲ್ಲಿ ಬೆಲ್ಟ್ ಜಾರುತ್ತದೆ; ಮೋಟಾರೇ ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ನಿಲ್ಲುತ್ತದೆ. 1972ರಲ್ಲಿ ಆರಂಭವಾದ ಟೆಕ್ನಿಕ್ಸ್ ಎಸ್‌ಎಲ್-1200 ಶ್ರೇಣಿಯು 2010ರಲ್ಲಿ ಸ್ಥಗಿತಗೊಂಡರೂ 2016ರಲ್ಲಿ ಮರಳಿ ಬಂದಿತು; 2019ರಲ್ಲಿ ಡಿಜೆಗಳಿಗೆಂದೇ ಹೊಸ ಮಾದರಿ ಹೊರಬಂದಿತು. ಬೇಡಿಕೆಗೆ ಇದೇ ಸಾಕ್ಷಿ.

ಜೋಡಣೆಯೂ ಅಷ್ಟೇ ಮುಖ್ಯ. ಮೇಜು ಸಮತಟ್ಟಾಗಿ, ಸ್ಪೀಕರಿನಿಂದ ದೂರವಿರಬೇಕು. ಮುಳ್ಳಿನ ಭಾರವನ್ನು ತಯಾರಕರು ಸೂಚಿಸಿದಷ್ಟೇ, ಸಾಮಾನ್ಯವಾಗಿ 3–4 ಗ್ರಾಂ, ಇಡಬೇಕು. ಕಡಿಮೆಯಾದರೆ ಮುಳ್ಳು ಹಾರುತ್ತದೆ. ಅತಿಯಾದರೆ ರೆಕಾರ್ಡ್ ಸವೆಯುತ್ತದೆ. ಅರ್ತ್ ತಂತಿಯನ್ನು ಮಿಕ್ಸರಿಗೆ ಬಿಗಿಯದಿದ್ದರೆ ಗುಂಯ್‌ಗುಡುವ ಸದ್ದು ಕಾಡುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಕೆಲಸ ಮುಗಿದೊಡನೆ ಒರೆಸಿ ಮುಚ್ಚಿಡುವುದು ಅಗತ್ಯ.

ಹಾಡಿಗೆ ಹಾಡು ಬೆಸೆಯಲು ಇಂಥ ಯಂತ್ರಗಳು ಎರಡು ಬೇಕು. ವೆಚ್ಚ ಒಬ್ಬರಿಗೆ ಹೊರೆಯಾದರೆ, ಸಾಸ್ತಾನ, ಕೋಟದ ವ್ಯಾಪಾರಿಗಳೊಡನೆ ಪಾಲಿನಲ್ಲಿ ಒಂದು ಉತ್ತಮ ಜೋಡಿ ಕೊಳ್ಳುವುದು ಮೇಲು. ಅಗ್ಗದ ಯಂತ್ರ ಸಮಾರಂಭದ ನಡುವೆ ಕೈಕೊಟ್ಟರೆ ನಷ್ಟವಾಗುವುದು ಆ ದಿನದ ಬಾಡಿಗೆ ಮಾತ್ರವಲ್ಲ, ವರ್ಷಗಳಿಂದ ಗಳಿಸಿದ ಹೆಸರು ಕೂಡ.